ಕಸಿ ಕಪಾಟಿನ ಪುಸ್ತಕಗಳು

ಗ್ರಂಥಾಲಯದ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯರು ಈಗಲೂ ಆಗಾಗ ನನಗೆ ಫೋನ್ ಮಾಡುತ್ತಾರೆ. "ಮೇಡಂ, ಮನುಷ್ಯ ಯಂತ್ರದ ಜೊತೆ ಸೇರಿ ಬೇರೆಯೇ ಆಗಿಬಿಡೋ ಕಥೆಗಳು ಬೇಕು ಅಂತ ಬಂದು ಕೇಳ್ತಾರೆ. ಏನೂ ಓದಿರದವರಿಗೆ ಯಾವುದರಿಂದ ಶುರು ಮಾಡಿಸೋದು?" ಎನ್ನುತ್ತಾರೆ. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಅದು. ನಾನು ಕಲಿತದ್ದೇ ನಿಧಾನವಾಗಿ. ಆದ್ದರಿಂದ ಕೂತು ಬರೆಯುತ್ತಿದ್ದೇನೆ. ಬಡ್ತಿ, ವರ್ಗಾವಣೆಗಳ ಕಥೆ ಇದರಲ್ಲಿಲ್ಲ. ಅವು ಎಲ್ಲ ನೌಕರರಿಗೂ ಒಂದೇ ಥರ ಇರುತ್ತವೆ.

ನಮ್ಮಪ್ಪ ಜಾವಳಿ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ಆಳುಗಳ ಮೇಸ್ತ್ರಿ. ಅವ್ವ ಅದೇ ತೋಟದಲ್ಲಿ ಹಣ್ಣು ಕೊಯ್ಯುತ್ತಿದ್ದಳು. ನಮ್ಮ ವಂಶದಲ್ಲಿ ಡಿಗ್ರಿ ಅಂತ ಆದದ್ದು ಮೊದಲು ನನಗೆ. ಅದನ್ನು ಹೇಳಿಕೊಳ್ಳಲು ನನಗೆ ಇವತ್ತಿಗೂ ಸಂಕೋಚವಿಲ್ಲ. ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕೋಣ ಎಂದರೆ ಅಪ್ಪ ಒಪ್ಪಲಿಲ್ಲ. "ಗೋಡೆಗೆ ಗೆದ್ದಲು ಹತ್ತುತ್ತೆ, ನೀನು ಓದಿದ್ದಕ್ಕೆ ಹತ್ತಲ್ಲ" ಎಂದು ಬಿಸ್ಕತ್ತಿನ ಡಬ್ಬಿಗೆ ಹಾಕಿ ಅಟ್ಟಕ್ಕೆ ಸೇರಿಸಿದ. ಬಿ.ಎ. ಆದಮೇಲೆ ಗ್ರಂಥಾಲಯದ ಕೋರ್ಸ್ ಮಾಡಿದೆ. ತೊಂಬತ್ತರ ದಶಕದ ಆರಂಭದಲ್ಲಿ ಮೂಡಿಗೆರೆ ತಾಲ್ಲೂಕಿನ ಒಂದು ಚಿಕ್ಕ ಊರಿನ ಶಾಖೆಗೆ ಬಂದೆ. ಬಸ್ ಸ್ಟ್ಯಾಂಡಿನ ಹಿಂದೆ ಒಂದು ಹಾಲ್, ಒಂದಷ್ಟು ಮರದ ಕಪಾಟು, ಪೇಪರ್ ಓದಲು ಒಂದು ಉದ್ದನೆಯ ಮೇಜು. ಬಸ್ ತಡವಾದರೆ ನಮಗೆ ಓದುಗರು ಹೆಚ್ಚು.

ಒಂದು ವರ್ಷ ಮೇಲಿನ ಕಚೇರಿಯಿಂದ ಬಂದ ಪುಸ್ತಕದ ಕಟ್ಟಿನಲ್ಲಿ ಒಂದಷ್ಟು ತೆಳ್ಳನೆಯ ವಿಜ್ಞಾನ ಕಥೆಗಳಿದ್ದವು. ಕೆಲವು ಕನ್ನಡದವೇ, ಕೆಲವು ಅನುವಾದ. ನಾನು ಓದದ ಪುಸ್ತಕ ಕಪಾಟಿಗೆ ಹೋಗಬಾರದು ಎಂಬುದು ನನ್ನ ಹಟ. ಕಷ್ಟಪಟ್ಟು ಓದು ಕಲಿತವರಿಗೆ ಇಂಥ ಹಟಗಳಿರುತ್ತವೆ. ಹಾಗಾಗಿ ಎಲ್ಲವನ್ನೂ ಓದಿದೆ. ಗಗನನೌಕೆ, ಬೇರೆ ಗ್ರಹದ ಯುದ್ಧ ಅವುಗಳಲ್ಲಿ ಇರಲಿಲ್ಲ. ಎಲ್ಲ ನಮ್ಮ ಮೈಯಲ್ಲೇ ನಡೆಯುವಂಥವು. ಒಬ್ಬನಿಗೆ ಲೋಹದ ಕಾಲು ಬರುತ್ತದೆ, ಇನ್ನೊಬ್ಬನಿಗೆ ದಣಿಯದ ಗಂಟಲು, ಮತ್ತೊಂದು ಊರಿನವರಿಗೆ ಸಾವೇ ಇಲ್ಲ.

ಆ ಸಲ ತಪಾಸಣೆಗೆ ಬಂದ ನಮ್ಮ ಮೇಲಧಿಕಾರಿಗಳು ಒಳ್ಳೆಯ ಮನುಷ್ಯರು, ಆದರೆ ಎಲ್ಲದಕ್ಕೂ ದೊಡ್ಡ ಹೆಸರು ಇಡುವ ಚಟ. "ಇವನ್ನೆಲ್ಲ ಒಟ್ಟಿಗೆ ಇಟ್ಟು ‘ಅತಿಮಾನವ ಸಾಹಿತ್ಯ’ ಅಂತ ಚೀಟಿ ಹಾಕಮ್ಮಾ, ಗೌರವ ಇರುತ್ತೆ" ಎಂದರು. ಹಾಕಿದೆ. ಮಾರನೇ ವಾರವೇ ನಿವೃತ್ತ ಶಾನುಭೋಗರೊಬ್ಬರು ಬಂದು ಭಕ್ತಿಯಿಂದ ಒಂದು ಪುಸ್ತಕ ತೆಗೆದುಕೊಂಡು ಹೋದರು. ವಾಪಸ್ ತಂದಾಗ ಮುಖ ಗಂಟುಹಾಕಿಕೊಂಡಿದ್ದರು.

"ಹಿಮಾಲಯದ ಯೋಗಿಗಳ ಚರಿತ್ರೆ ಇರ್ಬೇಕು ಅಂತ ತಗೊಂಡೆ ತಾಯೀ. ಇವ್ನು ಯಾರೋ ತಲೆಯೊಳಗೆ ಟೇಪ್ ರೆಕಾರ್ಡರ್ ಇಡಿಸ್ಕೊಂಡಿದ್ದಾನೆ."

ಆ ಚೀಟಿ ಕಿತ್ತೆ. ಏನು ಹೆಸರಿಡುವುದೆಂದು ಯೋಚಿಸುತ್ತಿದ್ದಾಗ ಹೊಳೆದದ್ದು ನಮ್ಮ ತೋಟಗಳ ಮಾತು, ಕಸಿ. ಒಂದರ ಬೇರು, ಇನ್ನೊಂದರ ಕುಡಿ, ಎರಡೂ ಸೇರಿ ಬದುಕುವುದು. ಈ ಕಥೆಗಳಲ್ಲಿ ಆಗುವುದೂ ಅದೇ ತಾನೇ? ರಟ್ಟಿನ ಮೇಲೆ "ಕಸಿ ಕಥೆಗಳು" ಎಂದು ಬರೆದು ಕಪಾಟಿನ ನೆತ್ತಿಗೆ ಮೊಳೆ ಹೊಡೆದೆ. ರಟ್ಟು ಸ್ವಲ್ಪ ಉದ್ದವಾಗಿ "ಕಥೆಗಳು" ಎಂಬ ಭಾಗ ಪಕ್ಕದ ಕಪಾಟಿನ ಮರೆಗೆ ಹೋಯಿತು. ಬಾಗಿಲಿನಿಂದ ನೋಡಿದರೆ ಕಾಣುತ್ತಿದ್ದದ್ದು "ಕಸಿ" ಮಾತ್ರ.

ಕಾಫಿ ಬೆಳೆಗಾರರ ಊರಿನಲ್ಲಿ ಹೀಗೆ ಬರೆದರೆ ಏನಾಗಬಹುದೋ ಅದೇ ಆಯಿತು. ಆಗ ಮೆಣಸಿನ ಬಳ್ಳಿಗಳಿಗೆ ಸೊರಗು ರೋಗ ಬಂದು, ಕಾಡು ಹಿಪ್ಪಲಿಯ ಬೇರಿಗೆ ಒಳ್ಳೆಯ ಮೆಣಸಿನ ಕುಡಿ ಕಟ್ಟುವುದನ್ನು ಎಲ್ಲರೂ ಕಲಿಯುತ್ತಿದ್ದರು. ಅದುವರೆಗೆ ಪೇಪರ್ ಬಿಟ್ಟು ಬೇರೇನೂ ಮುಟ್ಟದಿದ್ದವರೆಲ್ಲ ಆ ಕಪಾಟಿಗೆ ಕೈಹಾಕತೊಡಗಿದರು. ಸಂತೆಗೆ ಬಂದವರು ಚೀಲದೊಳಗೆ ಒಣಮೀನಿನ ಪೊಟ್ಟಣದ ಪಕ್ಕ ನಮ್ಮ ಕಥೆ ಹಾಕಿಕೊಂಡು ಹೋಗುತ್ತಿದ್ದರು. ಆ ತಿಂಗಳ ಎರವಲು ಲೆಕ್ಕ ನೋಡಿ ಮೇಲಧಿಕಾರಿಗಳಿಗೆ ಪರಮಾಶ್ಚರ್ಯ.

ಹಾಗೆ ಬಂದವರಲ್ಲಿ ಒಬ್ಬರು ರುದ್ರೇಗೌಡರು. ದೊಡ್ಡ ಎಸ್ಟೇಟಿನವರಲ್ಲ, ಗುಡ್ಡದ ಓರೆಯಲ್ಲಿ ಸಣ್ಣ ತೋಟ. ಕಸಿ ಕಟ್ಟುವುದರಲ್ಲಿ ಅವರ ಕೈ ಚೆನ್ನ ಎಂದು ಹೆಸರು. ಅವರು ತೆಗೆದುಕೊಂಡು ಹೋದದ್ದು ಲೋಹದ ಕಾಲಿನ ಅಂಚೆಯವನ ಕಥೆ. ಮೂರನೇ ದಿನ ವಾಪಸ್ ಬಂದು ಪುಸ್ತಕವನ್ನು ನನ್ನ ಮೇಜಿನ ಮೇಲೆ ಕುಕ್ಕಿದರು.

"ಏನ್ ಮಾರಾಯ್ತಿ ಇದು? ಇಡೀ ಪುಸ್ತಕದಲ್ಲಿ ಒಂದು ಗಿಡ ಇಲ್ಲ! ಕುಡಿ ಕತ್ತರಿಸೋದು ಹೇಳ್ತಾನೆ ಅಂತ ನೋಡಿದ್ರೆ ಮನುಷ್ಯನ ಕಾಲೇ ಕತ್ತರಿಸ್ತಾನೆ."

"ಗೌಡ್ರೇ, ಇದು ಕಥೆ. ಆ ರಟ್ಟು ಪೂರ್ತಿ ಕಾಣಲ್ಲ, ಬಂದು ನೋಡಿ."

ನೋಡಿದರು. ನಕ್ಕರು. ಹೋಗಲು ತಿರುಗಿದವರು ಬಾಗಿಲಿನಲ್ಲಿ ನಿಂತರು.

"ಇಂಥದ್ದೇ ಇನ್ನೊಂದು ಇದ್ಯಾ?"

ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ಇಲ್ಲೇ ಒಂದು ಮಾತು. ತಪ್ಪು ಪುಸ್ತಕ ಹಿಡಿದುಕೊಂಡು ಹೋದವರು ಬೈದುಕೊಂಡು ಬಂದರೆ ಹೆದರಬೇಡಿ. ಪೂರ್ತಿ ಓದಿಯೇ ಬೈಯುತ್ತಿದ್ದಾರೆ ಅಂದರೆ ಆ ಓದುಗರು ನಿಮ್ಮವರು. ನಾನು ಆ ರಟ್ಟನ್ನು ಕೊನೆಯವರೆಗೂ ಸರಿಮಾಡಲಿಲ್ಲ. ಎಷ್ಟೋ ವರ್ಷದ ಮೇಲೆ ಕಂಪ್ಯೂಟರ್ ಬಂದು, ಕಾರ್ಡುಗಳ ಮಾಹಿತಿಯನ್ನೆಲ್ಲ ಅದಕ್ಕೆ ತುಂಬಿದೆವು. ಆಗಲೂ "ಕಸಿ" ಎಂದು ಒತ್ತಿದರೆ ಮೆಣಸಿನ ಬಳ್ಳಿ, ಮಾವು, ಹಲಸಿನ ಜೊತೆಗೆ ನಮ್ಮ ಅಂಚೆಯವನೂ ಬರುತ್ತಿದ್ದ. ಬರಲಿ ಎಂದು ಬಿಟ್ಟೆ.

ಇನ್ನು ಯಾವುದು ಮೊದಲು ಎಂಬ ಪ್ರಶ್ನೆ. ನಮ್ಮಲ್ಲಿಗೆ ಒಬ್ಬ ಕಾಲೇಜು ಉಪನ್ಯಾಸಕರು ಬರುತ್ತಿದ್ದರು. ಅವರು ಶುರುಮಾಡಿದ್ದು ಎಲ್ಲಕ್ಕಿಂತ ದಪ್ಪದ್ದರಿಂದ. ಒಬ್ಬ ವಿಜ್ಞಾನಿ ತನ್ನ ನೆನಪನ್ನೆಲ್ಲ ಯಂತ್ರಕ್ಕೆ ಸುರಿದು, ಸುರಿದುಕೊಂಡ ಯಂತ್ರವೂ ಉಳಿದ ಮನುಷ್ಯನೂ ಆಸ್ತಿಗಾಗಿ ಕೋರ್ಟಿಗೆ ಹೋಗುವ ಕಾದಂಬರಿ. ಒಳ್ಳೆಯ ಪುಸ್ತಕವೇ. ಆದರೆ ಅವರು ಎರಡು ಅಧ್ಯಾಯಕ್ಕೇ ಕೈಬಿಟ್ಟು, ಮತ್ತೆ ಆ ಕಪಾಟಿನ ಕಡೆ ತಲೆಹಾಕಲಿಲ್ಲ. ಆಮೇಲಿಂದ ನಾನು ಯಾರೇ ಹೊಸಬರು ಬಂದರೂ ವಿಜ್ಞಾನ ಎಷ್ಟು ಗೊತ್ತು ಎಂದು ಕೇಳುವುದನ್ನು ಬಿಟ್ಟೆ. "ಕನ್ನಡಕ ಹಾಕ್ತೀರಾ? ಕಟ್ಟಿಸಿದ ಹಲ್ಲಿದ್ಯಾ? ಮೂಳೆ ಮುರಿದು ಒಳಗೆ ರಾಡು ಕೂರಿಸಿದ್ದಾರಾ?" ಎಂದು ಕೇಳುತ್ತಿದ್ದೆ. ಕೆಲವರು ಇವಳಿಗೇನು ಬಂತು ಎಂದು ನೋಡುತ್ತಿದ್ದರು. ಆದರೆ ಕಟ್ಟಿಸಿದ ಹಲ್ಲಿನವರಿಗೆ ಈ ಕಥೆಗಳ ಅರ್ಧ ಆಗಲೇ ಗೊತ್ತಿರುತ್ತದೆ. ಮೊದಮೊದಲು ಅನ್ನ ರುಚಿಸದ್ದು, ಮಾತು ತೊದಲಿದ್ದು, ಆಮೇಲೆ ಒಂದು ದಿನ ಅದು ತನ್ನದಲ್ಲ ಎನ್ನುವುದೇ ಮರೆತುಹೋದದ್ದು.

ಅದಕ್ಕೇ ಅಂಚೆಯವನ ಕಥೆ ಮೊದಲು. ಅದರಲ್ಲಿ ಅವನಿಗೆ ಹೊಸ ಕಾಲು ಬಂದು ಬೆಟ್ಟ ಹತ್ತುವುದು ಸಲೀಸಾಗುತ್ತದೆ. ಆದರೆ ಸಂಜೆ ಮನೆಗೆ ಬಂದರೆ ಹೆಜ್ಜೆಯ ಸದ್ದು ಗುರುತು ಸಿಗದೆ ಅವನ ನಾಯಿಯೇ ಬೊಗಳುತ್ತದೆ. ಅಷ್ಟೇ ಕಥೆ. ಎರಡನೆಯದಾಗಿ ಹಾಡುಗಾರನದು ಕೊಡಿ. ಹೊಸ ಗಂಟಲು ಬಂದಮೇಲೆ ಅವನಿಗೆ ಉಸಿರೆಳೆಯಲು ನಿಲ್ಲಿಸಬೇಕಾಗಿಯೇ ಇಲ್ಲ. ಜನ ಮೊದಲು ಬೆರಗಾಗಿ, ಆಮೇಲೆ ಒಬ್ಬೊಬ್ಬರೇ ಎದ್ದು ಹೋಗುತ್ತಾರೆ. ಪಡೆದದ್ದಕ್ಕೆ ಏನು ಬೆಲೆ ಎಂಬುದು ಅಲ್ಲಿ ಬರುತ್ತದೆ. ನೆನಪು ಸುರಿಯುವ ಕಾದಂಬರಿ ಅದಾದಮೇಲೆ. ಸಾವಿಲ್ಲದ ಊರಿನ ಕಥೆ ಎಲ್ಲಕ್ಕಿಂತ ಕೊನೆಗೆ, ಅದೂ ಗಟ್ಟಿ ಜೀವದವರಿಗೆ. ಆ ಊರಿನಲ್ಲಿ ಒಂದು ಮಗು ಹಳೇ ನಿಘಂಟಿನಲ್ಲಿ "ತಿಥಿ" ಎಂಬ ಮಾತು ನೋಡಿ ಅರ್ಥ ಕೇಳುತ್ತದೆ, ಹೇಳಲು ಯಾರಿಗೂ ಬರುವುದಿಲ್ಲ.

ಈ ಕ್ರಮ ನನಗೆ ಪೂರ್ತಿ ತಿಳಿದದ್ದು ರುದ್ರೇಗೌಡರ ಮನೆಯಿಂದ.

ಎರಡು ಸಾವಿರದ ಇಸವಿ ದಾಟಿತ್ತು. ಗೌಡರು ಆ ಹೊತ್ತಿಗೆ ಆ ಕಪಾಟನ್ನು ಹೆಚ್ಚುಕಡಿಮೆ ಮುಗಿಸಿದ್ದರು. ಕಾಫಿ ಕೊಯ್ಲಿನ ಸಮಯದಲ್ಲಿ ಅವರ ಹೆಂಡತಿ ಕಮಲಮ್ಮ ಕಣದಲ್ಲಿ ಹಣ್ಣು ಹರವುತ್ತಿದ್ದಾಗ ಕಣ್ಣು ಕತ್ತಲೆ ಬಂದು ಬಿದ್ದರು. ಮಂಗಳೂರಿಗೆ ಕರೆದುಕೊಂಡು ಹೋಗಿ ತೋರಿಸಿದಾಗ, ಹೃದಯ ನಡುನಡುವೆ ಬಡಿಯುವುದನ್ನೇ ಬಿಡುತ್ತಿದೆ, ಎದೆಯೊಳಗೆ ಒಂದು ಸಣ್ಣ ಯಂತ್ರ ಕೂರಿಸಬೇಕು ಎಂದರು. ಕೂರಿಸದಿದ್ದರೆ ಮುಂದಿನ ಸಲ ಬಿದ್ದವರು ಏಳುತ್ತಾರೆಂದು ಹೇಳಲಾಗದು ಎಂದೂ ಹೇಳಿದರು. ಕಮಲಮ್ಮ ಸುತಾರಾಂ ಒಪ್ಪಲಿಲ್ಲ.

"ಬ್ಯಾಟರಿ ಹಾಕ್ಕೊಂಡು ಬದ್ಕೋಕೆ ನಾನೇನು ಟಾರ್ಚಾ ಅಂತಾಳೆ" ಎಂದು ಗೌಡರು ನನ್ನ ಮೇಜಿನ ಮುಂದೆ ಕೂತರು. ಅಷ್ಟು ವರ್ಷದಲ್ಲಿ ಅವರು ಕೂತದ್ದು ಅದೇ ಮೊದಲು. "ಮಕ್ಕಳು ಹೇಳಿದ್ರು, ತಮ್ಮ ಹೇಳ್ದ, ಯಾರ ಮಾತೂ ಕೇಳಲ್ಲ. ನಾನು ಇವನ್ನ ಓದಿ ಹೇಳ್ಲಾ ಅಮ್ಮಾ? ಕಥೆ ಅಂದ್ರೆ ಅವ್ಳು ಕೇಳ್ತಾಳೆ."

ನನಗೆ ಭಯವಾಯಿತು. ಒಂದು ಜೀವದ ಪ್ರಶ್ನೆ, ನನ್ನ ಕೈಯಲ್ಲಿರುವುದು ಬರೀ ಕಥೆ. ಆದರೂ ಅಂಚೆಯವನನ್ನು ಕೊಟ್ಟು ಕಳಿಸಿದೆ.

ಮುಂದಿನ ವಾರ ಬಂದಾಗ ಕೇಳಿದೆ, "ಏನಂದ್ರು?"

"ಬರ್ದೋನು ನಾಯಿ ಸಾಕಿಲ್ಲ ಅಂದ್ಲು. ಕಾಲಿನ ಸದ್ದು ಬದಲಾದ್ರೆ ಏನಂತೆ, ವಾಸನೆ ಅದೇ ಅಲ್ವಾ, ನಾಯಿ ಯಾಕೆ ಬೊಗಳುತ್ತೆ ಅಂತ."

ಹಾಡುಗಾರನಿಗೂ ಅದೇ ಗತಿ. "ಉಸಿರೇ ತಗೊಳ್ದೆ ಮಾತಾಡೋರು ನಮ್ಮ ಸಂಬಂಧಿಕರಲ್ಲೇ ಇದ್ದಾರೆ, ಅದಕ್ಕೆ ಆಪರೇಶನ್ ಯಾಕೆ ಬೇಕು" ಎಂದರಂತೆ. ಹೇಳುತ್ತಾ ಗೌಡರು ನಗುತ್ತಿದ್ದರು. ಕಮಲಮ್ಮ ಒಪ್ಪಿರಲಿಲ್ಲ ನಿಜ, ಆದರೆ ದಿನಾ ಸಂಜೆ "ಎಲ್ಲಿ, ಓದಿ" ಎನ್ನುತ್ತಿದ್ದರು. ಅವರು ಕೇಳುತ್ತಿದ್ದಾರೆ, ವಾದ ಮಾಡುತ್ತಿದ್ದಾರೆ ಎಂಬುದೇ ನನಗೆ ಸಮಾಧಾನ.

ಅಷ್ಟರಲ್ಲಿ ನಾನು ತರಬೇತಿಗೆಂದು ಚಿಕ್ಕಮಗಳೂರಿಗೆ ಹೋಗಿದ್ದಾಗ ಗೌಡರು ಬಂದು, ತಾವೇ ಒಂದು ಪುಸ್ತಕ ಆರಿಸಿ ಬರೆಸಿಕೊಂಡು ಹೋಗಿದ್ದರು. ಅದು ಸಾವಿಲ್ಲದ ಊರಿನ ಕಥೆ. ಮೊದಲು ಓದಿದ್ದಾಗ ಅವರಿಗೆ ಅದು ತಮಾಷೆಯಾಗಿ ಕಂಡಿತ್ತಂತೆ. ಹೆಂಡತಿಗೆ ಓದುವಾಗ ಅರ್ಧಕ್ಕೇ ಕಮಲಮ್ಮ ಕೈಯಡ್ಡ ಹಿಡಿದು ನಿಲ್ಲಿಸಿದರಂತೆ. ಆಮೇಲೆ ಆ ಮನೆಯಲ್ಲಿ ಓದು ನಿಂತಿತು.

ಗೌಡರು ಪುಸ್ತಕ ವಾಪಸ್ ತಂದು ಇಟ್ಟರು. ಮುಖ ಇಳಿದುಹೋಗಿತ್ತು.

"ನಮ್ಮವ್ವ ಹೋಗುವಾಗ ಅವಳೇ ಕೈ ಹಿಡ್ಕೊಂಡು ಕೂತಿದ್ಲು ಅಮ್ಮಾ. ದೀಪದ ಎಣ್ಣೆ ಮುಗಿದ ಹಾಗೆ ಹೋದ್ರು. ಈಗ ಇವ್ಳು ಕೇಳ್ತಾಳೆ, ನಂಗೆ ಹೊತ್ತು ಬಂದಾಗ ಆ ಯಂತ್ರ ನನ್ನ ಬಿಡುತ್ತಾ, ತಳ್ತಾನೇ ಇದ್ರೆ ನಾನು ಹೋಗೋದು ಹೆಂಗೆ ಅಂತ. ನಾನೇನು ಹೇಳ್ಲಿ?"

ಅವರು ಸಾಯಲು ಹೆದರಿದ್ದರೆ ಯಂತ್ರ ಯಾವಾಗಲೋ ಒಪ್ಪಿರುತ್ತಿದ್ದರು. ಅವರ ಹೆದರಿಕೆ ಬೇರೆ ಇತ್ತು. ಅದಕ್ಕೆ ನನ್ನ ಕಪಾಟಿನಲ್ಲಿ ಉತ್ತರ ಇರಲಿಲ್ಲ, ಇದ್ದಂತೆ ನಟಿಸುವುದೂ ಸರಿಯಲ್ಲ. "ಗೌಡ್ರೇ, ಇದು ಕಥೆ ಬರೆದೋರಿಗೆ ಗೊತ್ತಿಲ್ಲ. ಅವರು ಕೇಳಿದ ಮಾತನ್ನೇ, ಅದೇ ಶಬ್ದಗಳಲ್ಲಿ, ಡಾಕ್ಟರ ಹತ್ರ ಕೇಳ್ಕೊಂಡು ಬನ್ನಿ" ಎಂದೆ. ಓದುಗರ ಪ್ರಶ್ನೆಗೆ ಪುಸ್ತಕದಲ್ಲಿ ಉತ್ತರವಿಲ್ಲದಿದ್ದರೆ, ಯಾರ ಹತ್ತಿರ ಇದೆ ಎಂದು ದಾರಿ ತೋರಿಸುವುದೂ ನಮ್ಮ ಕೆಲಸವೇ.

ಅವರು ಮಂಗಳೂರಿಗೆ ಹೋಗಿ ಬಂದು, ಬಸ್ಸಿಳಿದವರೇ ನೇರ ನನ್ನ ಹತ್ತಿರ ಬಂದರು. "ನೀವೂ ಬನ್ನಿ ಅಮ್ಮಾ. ನಾನೊಬ್ನೇ ಹೇಳಿದ್ರೆ ನಂಬಲ್ಲ ಅವ್ಳು" ಎಂದರು. ಶನಿವಾರ ಮಧ್ಯಾಹ್ನ, ಕೆಲಸ ಮುಗಿದಿತ್ತು. ಬಸ್ ಸ್ಟ್ಯಾಂಡಿನಲ್ಲಿ ಬಿಟ್ಟುಹೋಗಿದ್ದ ಅವರ ಜೀಪಿನಲ್ಲಿ ಹೋದೆ.

ಕಮಲಮ್ಮ ಹಿತ್ತಲ ಜಗಲಿಯಲ್ಲಿ ಮೊರ ಹಿಡಿದು ಮೆಣಸು ಕೇರುತ್ತಿದ್ದರು. ಸಣ್ಣ ದೇಹ, ಚುರುಕು ಕಣ್ಣು. ನನ್ನನ್ನು ನೋಡಿ, "ಓಹೋ, ಪುಸ್ತಕದ ಅಮ್ಮನ್ನೇ ಸಾಕ್ಷಿಗೆ ಕರ್ಕೊಂಡು ಬಂದಿದ್ದಾರೆ. ಕೂತ್ಕೋ ಮಗಾ" ಎಂದು ಮಣೆ ಸರಿಸಿದರು. ಕಾಫಿ ಬಂತು. ಯಾರೂ ಕುಡಿಯಲಿಲ್ಲ.

ಗೌಡರು ಗಂಟಲು ಸರಿಮಾಡಿಕೊಂಡರು. "ಡಾಕ್ಟ್ರು ಹೇಳಿದ್ರು, ಅದು ಹೃದಯನ ತಳ್ಳಲ್ವಂತೆ. ಮರೆತು ನಿಂತ್ರೆ ಕೂಗಿ ಕರೆಯುತ್ತಂತೆ ಅಷ್ಟೇ. ನಿನ್ ಹೊತ್ತು ಬಂದಾಗ ಅದು ಕರೀತಾನೇ ಇರುತ್ತೆ, ಆದ್ರೆ ಹೃದಯ ಓಗೊಡಲ್ವಂತೆ."

ಕಮಲಮ್ಮನ ಕೈಯಲ್ಲಿ ಮೊರ ನಿಂತಿತು. "ನಾನು ಓಗೊಡದಿದ್ರೆ ಅದೇನೂ ಮಾಡಕಾಗಲ್ವಾ?"

"ಏನೂ ಮಾಡಕಾಗಲ್ವಂತೆ."

"ನಿಮ್ಮ ಥರ" ಎಂದು ಮತ್ತೆ ಮೊರ ಕೊಡವಿದರು. ಆಮೇಲೆ ತಲೆ ಎತ್ತದೆಯೇ, "ಇನ್ನೂ ಏನೋ ಹೇಳಿದ್ದಾರೆ. ನುಂಗಿಬಿಟ್ರಿ" ಎಂದರು.

"ಇಲ್ಲ ಮಾರಾಯ್ತಿ, ಅಷ್ಟೇ."

"ನೀವು ಸುಳ್ಳು ಹೇಳೋವಾಗ ಟವೆಲ್ ಹಿಂಡ್ತೀರಿ."

ಗೌಡರು ಹೆಗಲ ಟವೆಲನ್ನು ಕೈಯಿಂದ ಬಿಟ್ಟರು. ನನ್ನ ಕಡೆ ನೋಡಿದರು. ಏನೆಂದು ನನಗೂ ಗೊತ್ತಿರಲಿಲ್ಲ. "ಹೇಳಿಬಿಡಿ ಗೌಡ್ರೇ" ಎಂದೆ.

"ಹೋದಮೇಲೆ... ಬೆಂಕಿ ಕೊಡೋ ಮೊದ್ಲು ಅದನ್ನ ತೆಗೆಸ್ಬೇಕಂತೆ. ಹಾಗೇ ಇಟ್ರೆ ಸಿಡಿಯುತ್ತಂತೆ. ಇಂಥದ್ದನ್ನ ನಿಂಗೆ ಹೆಂಗೆ ಹೇಳೋದು ಅಂತ..."

ಈ ಮಾತಿನಿಂದ ಎಲ್ಲವೂ ಕೆಟ್ಟಿತು ಎಂದುಕೊಂಡೆ. ಕಮಲಮ್ಮ ಮೊರ ಕೆಳಗಿಟ್ಟರು. ಅವರ ಕೈ ತಾನಾಗಿ ಕಿವಿಯ ಬೆಂಡೋಲೆಗೆ ಹೋಯಿತು, ಅಲ್ಲಿಂದ ಮೂಗುಬೊಟ್ಟಿಗೆ.

"ಅತ್ತೆ ಹೋದಾಗ ಇವನ್ನೆಲ್ಲ ಬಿಚ್ಚಿದ್ದು ನಾನೇ" ಎಂದರು. "ಮೂಗುಬೊಟ್ಟು ಬರ್ಲಿಲ್ಲ, ಎಣ್ಣೆ ಹಚ್ಚಿ ಬಿಡಿಸಿದ್ದೆ. ನೆನಪಿದ್ಯಾ?"

ಗೌಡರು ಹೂಂ ಎಂದರು.

"ಹಾಗಾದ್ರೆ ಇದನ್ನೂ ಹೋಗುವಾಗ ಬಿಚ್ಚಿಟ್ಟು ಹೋಗೋದು."

"ಹೌದು."

"ಅದನ್ನ ಮೊದ್ಲೇ ಹೇಳ್ಬಾರ್ದಾ! ಅಂಗ ಅಂಗ ಅಂತ ಹೆದರಿಸಿಬಿಟ್ರಿ ಎಲ್ಲಾರೂ. ಇದು ಅಂಗ ಎಲ್ಲಿ ಬಂತು? ಒಡವೆ." ನನ್ನ ಕಡೆ ತಿರುಗಿದರು. "ನಿನ್ನ ಪುಸ್ತಕದೋರಿಗೆ ಯಾರಿಗೂ ಈ ಮಾತು ಹೊಳೀಲಿಲ್ವಾ ಮಗಾ? ಬಂದ ಹಾಗೇ ಹೋಗ್ಬಹುದು ಅಂದ್ರೆ, ಇರುವಷ್ಟು ದಿನ ಹಾಕ್ಕೊಂಡ್ರೆ ಏನಾಯ್ತು?"

ಆಮೇಲೆ ಗಂಡನಿಗೆ, "ಇಷ್ಟು ವರ್ಷಕ್ಕೆ ಒಂದು ಒಡವೆ ಮಾಡಿಸಿಕೊಟ್ಟಿದ್ದೀರಿ, ಅದೂ ಸೆರಗಿನ ಒಳಗೆ ಹಾಕ್ಕೊಳ್ಳೋದು. ಯಾರಿಗೆ ತೋರಿಸ್ಲಿ?" ಎಂದರು.

ಗೌಡರು ಎದ್ದು ತೋಟದ ಕಡೆ ಹೋದರು. ಸ್ವಲ್ಪ ಹೊತ್ತು ವಾಪಸ್ ಬರಲಿಲ್ಲ. ನಾನು ತಣ್ಣಗಾದ ಕಾಫಿ ಕುಡಿದೆ. ನನ್ನ ಕೆಲಸದ ಇಷ್ಟು ವರ್ಷಗಳಲ್ಲಿ ಅಷ್ಟು ರುಚಿಯಾದ ಕಾಫಿ ಕುಡಿದಿಲ್ಲ.

ಈ ಕಪಾಟಿನ ಪುಸ್ತಕಗಳನ್ನು ಹೊಸಬರಿಗೆ ಕೊಡುವಾಗ ನೀವೂ ಆ ಮಾತನ್ನು ನೆನಪಿಡಿ. ಮನುಷ್ಯನನ್ನು ಮೀರುವುದು, ಅಮರತ್ವ ಎಂದೆಲ್ಲ ದೊಡ್ಡದಾಗಿ ಶುರುಮಾಡಬೇಡಿ. ತೊಡುವುದು, ಬಿಚ್ಚುವುದು, ತೊಟ್ಟದ್ದು ಮೈಗೆ ಒಗ್ಗುವುದು, ಇಷ್ಟರಿಂದ ಶುರುಮಾಡಿದರೆ ಸಾಕು. ಮುಂದಿನ ದಾರಿ ಓದುವವರೇ ಹಿಡಿಯುತ್ತಾರೆ. ಅವರ ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲವೇ ಎಂದು ವಿಚಾರಿಸಿಕೊಂಡು ಕೊಡಿ. ಇದನ್ನು ಯಾವ ಕೋರ್ಸಿನಲ್ಲೂ ಕಲಿಸುವುದಿಲ್ಲ.

ಕಮಲಮ್ಮ ಮಂಗಳೂರಿಗೆ ಹೋದರು. ಯಂತ್ರ ಕೂರಿಸಿದರು. ತೋಟದಲ್ಲಿ ಕಾಫಿ ಹೂವಾಗುವ ಹೊತ್ತಿಗೆ ಒಂದು ದಿನ ಬೆಳಿಗ್ಗೆ ಗೌಡರ ಹಿಂದೆ ಅವರೂ ನಮ್ಮ ಗ್ರಂಥಾಲಯದ ಮೆಟ್ಟಿಲು ಹತ್ತಿ ಬಂದರು. ಅದುವರೆಗೆ ಒಮ್ಮೆಯೂ ಒಳಗೆ ಬಂದವರಲ್ಲ. ಪೇಪರ್ ಓದುತ್ತಿದ್ದವರೆಲ್ಲ ತಲೆ ಎತ್ತಿದರು. ಸೀದಾ ನನ್ನ ಹತ್ತಿರ ಬಂದು, ನನ್ನ ಕೈ ಹಿಡಿದು ತಮ್ಮ ಹೆಗಲೆಲುಬಿನ ಕೆಳಗೆ ಸೆರಗಿನ ಮೇಲಿಂದಲೇ ಒತ್ತಿಕೊಂಡರು. ಬೆಂಕಿಪೊಟ್ಟಣದಷ್ಟು ಉಬ್ಬು.

"ಇನ್ಯಾರಿಗೂ ತೋರಿಸಿಲ್ಲ" ಎಂದರು.

ಆಮೇಲೆ ಕಪಾಟಿನ ಮುಂದೆ ನಿಂತು ಒಂದೊಂದೇ ಪುಸ್ತಕದ ಬೆನ್ನು ಸವರಿ ನೋಡಿದರು. "ಇದರಲ್ಲಿ ಹೆಂಗಸಿಗೆ ಆಗಿದ್ದು ಯಾವುದಿದೆ? ಎಲ್ಲ ಗಂಡಸರದ್ದೇ ಕಾಲು, ಗಂಡಸರದ್ದೇ ಗಂಟಲು."

ಹುಡುಕಿದೆ. ನಿಜವಾಗಿಯೂ ಒಂದೂ ಇರಲಿಲ್ಲ. "ಇಲ್ಲಮ್ಮಾ. ಬರೆದಿಲ್ಲ ಯಾರೂ" ಎಂದೆ.

"ಹಾಗಾದ್ರೆ ಕೂತ್ಕೋ. ನಾನೇ ಹೇಳ್ತೀನಿ."

"ಬೇಡ ಮಾರಾಯ್ತಿ, ಅದನ್ನ ಹೇಳ್ಬೇಡ" ಎಂದು ಗೌಡರು ಆಗಲೇ ಕೆಂಪಗಾಗಿದ್ದರು.

ಕಮಲಮ್ಮ ಕೇಳಲಿಲ್ಲ. "ಎಲ್ಲ ಮುಗ್ಸಿ ಹೊರಗೆ ತಂದು ಮಲಗಿಸಿದ್ರು. ಮಂಪರು ಇಳೀತಾ ಇತ್ತು. ಇವ್ರು ಬಂದು ಬಗ್ಗಿ ನಿಂತ್ಕೊಂಡು, ಕಮಲಾ, ಕಮಲಾ, ನಾನು ಯಾರು ಅಂತ ಗೊತ್ತಾಗುತ್ತಾ ಅಂತ ಕೇಳಿದ್ರು. ನಿನ್ನ ಪುಸ್ತಕ ಓದಿ ಓದಿ ಇವರಿಗೇ ಹೆದ್ರಿಕೆ ಹತ್ತಿತ್ತು. ನಾನು ನಿಧಾನಕ್ಕೆ ಕಣ್ಣು ಬಿಟ್ಟು ನೋಡ್ದೆ. ಯಾರು ನೀವು, ನಮ್ಮ ತೋಟ ಕೊಳ್ಳೋಕೆ ಬಂದೋರಾ ಅಂದೆ."

ಪೇಪರ್ ಮೇಜಿನವರೆಲ್ಲ ಗೊಳ್ಳೆಂದು ನಕ್ಕರು. ಗ್ರಂಥಾಲಯದಲ್ಲಿ ಶಬ್ದ ಮಾಡಬಾರದು ಎಂದು ನಾನು ಆವತ್ತು ಹೇಳಲಿಲ್ಲ.

"ಮುಖ ನೋಡ್ಬೇಕಿತ್ತು ಮಗಾ! ಸುಣ್ಣ ಬಳಿದ ಗೋಡೆ."

ಗೌಡರೂ ನಗುತ್ತಿದ್ದರು, ಟವೆಲಿನ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

"ಒಂದು ಗಳಿಗೆ ನನ್ನ ಜೀವವೇ ಹೋಗಿತ್ತು ಅಮ್ಮಾ. ಆಮೇಲೆ ಬಾಯಿ ಓರೆ ಮಾಡಿ ನಕ್ಳಲ್ಲ, ಆಗ ಗೊತ್ತಾಯ್ತು, ಒಳಗೆ ಹೋದೋಳೇ ಹೊರಗೆ ಬಂದಿದ್ದಾಳೆ ಅಂತ."